ಹೊಂದಲಿಲ್ಲ

ಆಲೂಗಡ್ಡೆ ಸುಗ್ಗಿಯಲ್ಲಿ ನನಗೆ ಬೇರೆ ಲೋಕವಿಲ್ಲ.
ಹಾಸನದ ಮಾರುಕಟ್ಟೆ ಅಂಗಳ, ಮೂರನೇ ಮಂಡಿ,
ಕಬ್ಬಿಣದ ಹಲಗೆಯ ತಕ್ಕಡಿ, ಅದರ ಕೆಂಪು ಅಂಕಿ,
ಒಂದು ಸ್ಟೂಲು, ಕಾರ್ಬನ್ ಹಾಳೆಯ ಚೀಟಿ ಪುಸ್ತಕ.
ಹಮಾಲರು ಚೀಲ ಇಡುತ್ತಾರೆ, ನಾನು ಕೂಗುತ್ತೇನೆ:
ಐವತ್ತೊಂದು ಇನ್ನೂರು. ನಲವತ್ತೊಂಬತ್ತು ಎಂಟುನೂರು.
ಕೂಗಿ ಬರೆದದ್ದನ್ನು ತಿದ್ದುವ ಹಾಗಿಲ್ಲ.

ಅಲ್ಲಿಗೇ ಬಂತು ಅತ್ತಿಗೆಯ ಫೋನು:
"ನಟೇಶಂದು ಹೊಂದಲಿಲ್ಲವಂತೆ."
ಸೀರೆಗೆ ರವಿಕೆ ಹೊಂದಲಿಲ್ಲ ಎಂಬಷ್ಟು ಮೆಲ್ಲಗೆ.
ಅದರಾಚೆ ಅವಳು ಏನೂ ಕೇಳಲಿಲ್ಲ.
ಕೇಳದೇ ಉಳಿದದ್ದು
ಹಲಗೆಯ ಮೇಲೆ ಬಂದು ಕೂತಿತು.

ಅಣ್ಣ ಮೊಗಣ್ಣನಿಗೆ ಒಂದೂವರೆ ವರ್ಷದಿಂದ
ಸೋಮವಾರ, ಗುರುವಾರ ದೊಡ್ಡಾಸ್ಪತ್ರೆ.
ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ತಿರುಗಿ ಬರುತ್ತದೆ.
ದಿನಕ್ಕೆ ಮೂರು ಲೋಟ ನೀರು,
ಅದರಲ್ಲೇ ಕಾಫಿ, ಅದರಲ್ಲೇ ಸಾರು.

ದೇವರಂಥ ಅಣ್ಣನೇನಲ್ಲ.
ನನ್ನ ಮದುವೆಯ ಬೆಂಡೋಲೆ ಅಡವಿಟ್ಟು
ಗೂಡ್ಸ್ ಆಟೋ ಕೊಂಡವನು, ಬಿಡಿಸಿಕೊಡದವನು.
ಎಂಟು ಯುಗಾದಿ ಒಬ್ಬರ ಮನೆ ಬೇವುಬೆಲ್ಲ
ಇನ್ನೊಬ್ಬರು ತಿಂದಿಲ್ಲ.
ಈಗ ಅವನ ಮುಂಗೈಯ ಉಬ್ಬಿದ ನರ ಮುಟ್ಟಿದರೆ
ಒಳಗೆ ಹಿಟ್ಟಿನ ಗಿರಣಿ ಓಡಿದಂತೆ ಗುರುಗುಟ್ಟುತ್ತದೆ.
"ಮುಟ್ಟಿ ನೋಡು, ನಂಜಮಣಿ" ಎಂದು
ಜೀರುಂಡೆ ಹಿಡಿದ ಹುಡುಗನ ಹಾಗೆ ಚಾಚಿದ.
ಮುಟ್ಟಿದೆ. ಅಷ್ಟೇ ನಮ್ಮ ರಾಜಿ.

ನನ್ನ ಗಂಡ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ,
ಮೂರು ದಿನ ಬಚ್ಚಲೊಲೆಗೆ ತಾನೇ ಉರಿ ಹಾಕಿದ.
ಪಕ್ಕದ ಮನೆಯವರು ಮಾತ್ರ ಧೈರ್ಯ ಹೇಳಿದರು:
"ಹೆಂಗಸರದು ಬೇಗ ಹೊಂದುತ್ತದೆ, ಬಿಡಮ್ಮ."

ಶುಕ್ರವಾರ ಮೈಸೂರಿಂದ ಬರುವ ಡಾಕ್ಟರಮ್ಮ
ಎಲ್ಲರನ್ನೂ ಆಚೆ ಕಳಿಸಿದರು, ಅತ್ತಿಗೆಯನ್ನೂ.
ಬಾಗಿಲು ಹಾಕಿ, ಪೆನ್ನು ಕೆಳಗಿಟ್ಟು,
"ಯಾರಾದರೂ ಬಲವಂತ ಮಾಡಿದರಾ?
ದುಡ್ಡು ಕಾಸು ಅಂತ ಏನಾದರೂ?"
ಇಲ್ಲ. ಓಲೆಯ ಮಾತು ಕೂಡ ಎತ್ತಿಲ್ಲ.
"ಬೇಡ ಅನ್ನಬಹುದು. ಕೊನೇ ಗಳಿಗೆಯವರೆಗೂ.
ಕಾರಣ ನಮಗೂ ಹೇಳಬೇಕಿಲ್ಲ.
ಆಚೆ ಕೂತವರಿಗೆ ನಾವೇ ಹೇಳ್ತೀವಿ,
ಹೊಂದಲಿಲ್ಲ ಅಂತ."

ಫ್ಯಾನು ತಿರುಗುತ್ತಿತ್ತು.
ನಟೇಶ ಇದೇ ಕುರ್ಚಿಯಲ್ಲಿ ಕೂತಿದ್ದ.
ಅವತ್ತು ಹೊಳೆನರಸೀಪುರದ ಬಸ್ಸಿನಲ್ಲಿ
ತನ್ನ ಸ್ಟಾಪು ಮರೆತು ಎಷ್ಟೋ ದೂರ ಹೋಗಿದ್ದನಂತೆ.
ಎರಡು ಎಳೇ ಹೆಣ್ಣುಮಕ್ಕಳು,
ದಿನಾ ಕರೆಂಟ್ ಕಂಬ ಹತ್ತುವ ಕೆಲಸ.

ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ.
ಅಲ್ಲಿಯವರೆಗೆ ನನ್ನನ್ನು ಯಾರೋ
ಎತ್ತಿ ಹಲಗೆಯ ಮೇಲೆ ಇಟ್ಟಿದ್ದರು.
ಎದ್ದು ಹೋಗಬಹುದು ಎಂದು ತಿಳಿದ ಮೇಲೆ
ಚಪ್ಪಲಿ ಒಮ್ಮೆ ಕಾಲಲ್ಲಿ ಹುಡುಕಿ ಮೆಟ್ಟಿದೆ,
ಮತ್ತೆ ಬಿಟ್ಟೆ.
ಕೂತೆ. ಈ ಸಲ ನಾನೇ.

"ಒಂದು ಎಷ್ಟು ತೂಗುತ್ತೆ, ಡಾಕ್ಟ್ರೇ?"
ಅವರಿಗೆ ನಗು. "ನೂರೈವತ್ತು ಗ್ರಾಂ ಆಸುಪಾಸು."
ನನ್ನ ತಕ್ಕಡಿ ಇನ್ನೂರರ ಕೆಳಗಿನದನ್ನು
ಲೆಕ್ಕಕ್ಕೇ ಹಿಡಿಯುವುದಿಲ್ಲ.
"ಬರೆದುಕೊಳ್ಳಿ" ಅಂದೆ.

ಆಚೆ ಬೆಂಚಿನಲ್ಲಿ ನಟೇಶ, ಕೈಯಲ್ಲೊಂದು ಎಳನೀರು.
ಅಣ್ಣನಿಗೆ ಅದು ಕೂಡದು, ನನಗೇ ತಂದದ್ದು.
"ಏನಂದ್ರು?" ನೆಲವನ್ನು ಕೇಳಿದ.
ಅತ್ತಿಗೆಗೆ, ಅಣ್ಣನಿಗೆ, ಕಾಂಪೌಂಡರಿಗೂ ಕೇಳುವಂತೆ
ಮಂಡಿಯ ಗಂಟಲಲ್ಲಿ ಕೂಗಿದೆ:
"ನಂದು ಹೊಂದುತ್ತಂತೆ. ನಿಂದು ಹೊಂದಲಿಲ್ಲ, ಪಾಪ,
ಅದಕ್ಕೆ ನೀನೇನು ಮಾಡ್ತೀಯ."

ಇಪ್ಪತ್ತು ಸುಗ್ಗಿಯಲ್ಲಿ ನಾನು ಕೂಗಿದ
ಮೊದಲ ಸುಳ್ಳು ತೂಕ.

ಅವನ ಕೈಯಲ್ಲಿ ಕಾಯಿ ಅದುರುತ್ತಿತ್ತು,
ನೀರು ತುಳುಕಿ ಅಂಗಿ ತೋಯುತ್ತಿತ್ತು.
ಕೊಡು ಇತ್ತ, ಅಂದೆ.
ಬೆಳಗಿಂದ ಬಾಯಾರಿದೆ.