ಖಾಲಿ ತಕ್ಕಡಿ

ಬರತೈತಂತ ಒಂದು ಫೋನು,
ಬರೋ ಯುಗಾದಿಗೋ, ಅದರಾಚಿ ಯುಗಾದಿಗೋ.
ಬಿರಾಜದಾರ ಮಾಸ್ತರು ಸುದ್ದಿ ತಂದಾರ,
ಕನ್ನಡ ಸಾಲಿ ಬಿಟ್ಟ ಮ್ಯಾಲ, ಸೈಕಲ್ ಸ್ಟ್ಯಾಂಡ್ ಹಾಕೂದ್ರಾಗನ:
"ಸುಗಲಾಬಾಯಿ, ನಿನ್ನಂಥವರ ಸಲುವಾಗೇ ಮಾಡಾಕತ್ಯಾರ.
ಗಮ್ ಇಲ್ಲ. ಬರೇ ಸ್ಕ್ರೂ. ಎಂಟಂತ.
ಒಂದ ಸ್ಕ್ರೂಡ್ರೈವರು ಸಾಕಂತ."

ಅಕ್ಕಲಕೋಟಿ ಎಸ್.ಟಿ. ಸ್ಟ್ಯಾಂಡಿನ ಎದುರಿಗೆ ನನ್ನ ಅಂಗಡಿ.
ಬೋರ್ಡು ಮರಾಠಿ, ಬೈಗುಳ ಕನ್ನಡ, ಉದ್ರಿ ಎರಡರಾಗೂ.
ಮೊದಲ ಇಲ್ಲಿ ನಮ್ಮ ಮಾವ ತಕ್ಕಡಿ ರಿಪೇರಿ ಮಾಡತಿದ್ದ:
ಅಡತಿ ಅಂಗಡಿಯವರ ಸರಪಳಿ ತಕ್ಕಡಿ,
ಅಕ್ಕಸಾಲಿಗರ ಗಾಜಿನ ಪೆಟಿಗಿ ತಕ್ಕಡಿ.
ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ ಬಂದು ಸೀಸದ ಮುದ್ರಿ ಒತ್ತಿ ಹೋಗಾಂವ.
ಮಾವ ಅಂತಿದ್ದ,
ಏನರ ತೂಗೂಕಿಂತ ಮೊದಲ
ಖಾಲಿ ತಕ್ಕಡಿ ಎತ್ತಿ ಹಿಡಿ, ಮುಳ್ಳು ನೋಡು.
ಈಗ ಒಂದ ಉಳದೈತಿ, ಮೊಳಿಗೆ ಜೋತು ಬಿದ್ದು.
ಒಂದು ಪರಡ್ಯಾಗ ಸಿಮ್ ಪಿನ್ನು,
ಇನ್ನೊಂದ್ರಾಗ ಯಾವ ಫೋನಿನವು ಅಂತ ಮರತ ಸ್ಕ್ರೂ.

ಸರಿ, ತೂಗೂಣು.

ಬ್ಯಾಟರಿ ಉಗುರಿನಿಂದ ಎಬ್ಬಿಸಿದ್ರ ಎದ್ದು ಬರತೈತಂತ,
ಕಾದ ಹಂಚಿನ ಮ್ಯಾಲಿಂದ ರೊಟ್ಟಿ ಎದ್ದಂಗ.
ಇದಕ್ಕ ಒಂದು ಸೇರು ಇಡ್ರಿ.
ಬಿಡಿಭಾಗ ಎಂಟು ವರ್ಷ ಸಿಗತಾವಂತ. ಯಾವ ಊರಾಗ?
ಸೋಲಾಪುರದ ಹೋಲ್‌ಸೇಲ್ ಶೇಠ ಹೋದ ವರ್ಷದ ಡಿಸ್ಪ್ಲೇ ಕೇಳಿದ್ರ
ಅಜ್ಜನ ಫೋಟೋ ಕೇಳಿದಂಗ ಮಾರಿ ಮಾಡತಾನ.
ಆ ಸೇರು ಅರ್ಧಕ್ಕ ಇಳಸ್ರಿ.
ದಪ್ಪ ಇರತೈತಂತ. ಇರಲಿ,
ರೊಟ್ಟಿ ತೆಳ್ಳಗಿರಬೇಕು, ಫೋನ್ ಯಾಕ?
ಕತ್ತಲಿ ಫೋಟೋ ಮಬ್ಬು ಬರತೈತಂತ.
ನಮ್ಮ ಕತ್ತಲಿ ಫೋಟೋ ಯಾರು ನೋಡಬೇಕಾಗೇತಿ.
ಕಿಮ್ಮತ್ತು ಕೇಳಿದೆ.
ಮಾಸ್ತರು ಟೊಪಗಿ ತಗದು ತಲಿ ಕೆರಕೊಂಡ್ರು.

ಆಮ್ಯಾಲ ದನಿ ಇಳಿಸಿ ಹೇಳಿದ್ದು:
ಅದರಾಗಿನ ಬಂಗಾರ, ಕೋಬಾಲ್ಟು
ಸಣ್ಣ ಹುಡುಗರ ಕಡೆ ಅಗಸಿದ್ದಲ್ಲಂತ.
ಜೋಡಿಸೋ ಹೆಣ್ಮಕ್ಕಳಿಗೆ
ಹೊಟ್ಟಿ ತುಂಬೂವಷ್ಟು ಪಗಾರಂತ.
ಇದನ್ನ ಯಾವ ಕಲ್ಲಿಟ್ಟು ತೂಗಲಿ?
ಹದಿನಾರು ವರ್ಷ ಬಿಚ್ಚೇನಿ ಫೋನು,
ಒಳಗ ಯಾರ ಬೆರಳಿನ ಗುರುತೂ ಕಂಡಿಲ್ಲ.
ಅಷ್ಟು ಸ್ವಚ್ಛ ಒರಸಿರತಾರ.

ಖರೇ ಹೇಳಬೇಕಂದ್ರ, ಗಮ್ಮು ನನಗ ಅನ್ನ ಹಾಕೈತಿ.
ಮಗಳ ನರ್ಸಿಂಗ್ ಫೀ ಅರ್ಧ ಗಮ್ಮಿನದು.
ಎಲ್ಲಾರ ಕೈಗೂ ಬಿಚ್ಚಾಕ ಬಂದ್ರ
ಈ ಬಾಕಿನ ಮ್ಯಾಲ ಯಾರ ಕುಂದ್ರತಾರ?
ಇದನ್ನೂ ತೂಗಬೇಕಲ್ರೀ, ಬಿಟ್ಟರ ಅದು ಮೋಸ.

ಮೂಲ್ಯಾಗ ಹೀಟ್ ಗನ್ ಹಿಡಕೊಂಡ ಅಲ್ತಾಫ
ತಲಿ ಎತ್ತದ ಕೇಳಿದ:
"ಹೊಟ್ಟಿ ತುಂಬೂವಷ್ಟು ಅಂದ್ರ ಎಷ್ಟು?"

ಮಾಸ್ತರಿಗೆ ಕೇಳಿದನೋ, ನನಗೋ.
ಮಾಸ್ತರು ಸೈಕಲ್ ಚೈನ್ ನೋಡಿದ್ರು.
ನಾನು ಗ್ವಾಡಿ ನೋಡಿದೆ.
ಗಾಣಗಾಪುರದ ಬಸ್ಸು ಗಡಗಡ ಅಂತ ತಿರುಗಿತು,
ಮೊಳಿಗಿದ್ದ ತಕ್ಕಡಿ ಹಗೂರಕ್ಕ ಅಲ್ಲಾಡಿತು.

ದಿನಾ ನೂರಾ ಎಂಬತ್ತು ಕೊಡತೇನಿ ಅವಂಗ. ಚಾ ಬ್ಯಾರೆ.
ಎರಡು ವರ್ಷದಾಗ ಅವನ ಹೆಬ್ಬಟ್ಟು
ಬಿಸಿ ಗಾಜು ಹಿಡದು ಹಿಡದು ನುಣ್ಣಗಾಗೈತಿ,
ಅವನ ಸ್ವಂತ ಫೋನು ಅವನ್ನ ಗುರುತು ಹಿಡಿಯೂದಿಲ್ಲ.
ನಾಕು ಅಂಕಿ ಒತ್ತಿ ಒಳಗ ಹೋಗತಾನ,
ನಾವು ನಗತಿದ್ವಿ.

ಪಿನ್ನು, ಸ್ಕ್ರೂ ಎಲ್ಲಾ ಗಲ್ಲಾದ ಮ್ಯಾಲ ಸುರಿವಿ
ತಕ್ಕಡಿ ಎತ್ತಿ ಹಿಡಿದೆ.
ಖಾಲಿ.
ಮುಳ್ಳು ನನ್ನ ಕಡೆ ವಾಲಿತ್ತು.

"ಮತ್ತ, ಬುಕಿಂಗ್ ಮಾಡೂದೇನು?" ಮಾಸ್ತರು.
"ತಡೀರಿ," ಅಂದೆ.

ಅಲ್ತಾಫ ಗನ್ ಮತ್ತ ಚಾಲೂ ಮಾಡಿದ.
ಬಾಗಲತನಕ ಗಮ್ಮು ಕರಗೋ ವಾಸನಿ.