ಎಡಗಾಲು, ಬಲಗಾಲು

ಬಾಲವನ್ನು ಮರದ ದಿಮ್ಮಿಗಳ ಮೇಲೆ ಮಲಗಿಸಿದ್ದಾರೆ,
ಸಾವೊ ಜೋಸೆಯ ಹಳೇ ಹ್ಯಾಂಗರಿನಲ್ಲಿ.
ಸಾಂತೋಸಿನ ಕೊಲ್ಲಿಯಿಂದ ಎಳೆದು ತಂದ ಮೀನುಗಾರರ
ಹಸಿರು ಹಗ್ಗ ಇನ್ನೂ ಬಿಚ್ಚಿಲ್ಲ.
ನೋಡಿದರೆ ಗಾಯವೇ ಇಲ್ಲ, ಬಣ್ಣವೂ ಮಾಸಿಲ್ಲ.
ಬುಡದಲ್ಲಿ ಮಾತ್ರ, ಕಡಾಯಿಯ ಕಿವಿಯಂಥ ಆರು ಹಿಡಿ,
ಆರೂ ಹರಿದು
ಇಂಗಾಲದ ನಾರು ಹೊರಗೆ ಇಣುಕುತ್ತಿದೆ,
ಅಂಚು ಹೊಲಿಯದ ಬಟ್ಟೆಯ ಹಾಗೆ.

ತನಿಖೆಯ ಹುಡುಗಿ ಜುರೆಮಾ ಪುಸ್ತಕ ಬಿಚ್ಚಿ ಕೇಳುತ್ತಾಳೆ:
"ಏನಂತ ಕಲಿಸಿದ್ದಿರಿ, ಕಮಾಂದಾಂತೆ ದಿರ್ಸೆವು?"

ಒತ್ತು ಅಂತ.
ಮುಂದೆ ಹೋದ ದೊಡ್ಡ ವಿಮಾನ ಕಲಕಿಬಿಟ್ಟ ಗಾಳಿ
ನಿನ್ನನ್ನು ಮಗುಚಲು ಬಂದರೆ ಅಂಜಬೇಡ, ಕಾಲಿನಿಂದ ಒತ್ತು,
ಪೂರ್ತಿ ಒತ್ತು,
ಎಡಕ್ಕೆ ವಾಲಿದರೆ ಬಲಗಾಲು, ಬಲಕ್ಕೆ ವಾಲಿದರೆ ಎಡಗಾಲು.
ಹನ್ನೊಂದು ವರ್ಷ ಹೀಗೇ ಕಲಿಸಿದೆ,
ಉಕ್ಕಿನ ಕಾಲುಗಳ ಮೇಲೆ ಕುಣಿಯುವ ಆ ಡಬ್ಬಿಯಲ್ಲಿ.
ಅದರೊಳಗೆ ಎಷ್ಟು ತುಳಿದರೂ ಬಾಲ ಮುರಿಯುತ್ತಿರಲಿಲ್ಲ.
ಮುರಿಯುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಎವಾಲ್ಡೊ, ಧ್ವನಿಮುದ್ರಿಕೆ ಕೇಳಿಸಿದರು ನನಗೆ.
ಏಳು ಸೆಕೆಂಡು.
ಎಡ ಬಲ ಎಡ ಬಲ ಎಡ,
ನಿನ್ನ ಉಸಿರು, ಪಕ್ಕದವಳ "ಗಟ್ಟಿ ಹಿಡಿ",
ಆಮೇಲೆ ಟಪ್ ಅಂತ ಒಂದು ಸದ್ದು.
ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡಿದೆ.
ಪರೀಕ್ಷೆಯಾಗಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆ.
ಕೊಟ್ಟೂ ಇದ್ದೆ, ಮಾರ್ಚಿನಲ್ಲಿ. ಸಹಿ ನನ್ನದೇ.

ಜುರೆಮಾಗೆ ಇನ್ನೂ ಹೇಳದ್ದು ಒಂದಿದೆ.
ತೌಬಟೆಯ ಬಾಡಿಗೆ ಕೋಣೆಯಲ್ಲಿ ಅಮ್ಮ
ಸಿಪಾಯಿಗಳ ಅಂಗಿ ಹೊಲಿಯುತ್ತಿದ್ದಳು.
ಏಳು ವರ್ಷದ ನಾನು ಸ್ಟೂಲಿನ ತುದಿಗೆ ಜಾರಿ ಕೂತು
ಎಟುಕದ ಪೆಡಲನ್ನು ಎಟುಕಿಸಿಕೊಳ್ಳುತ್ತಿದ್ದೆ.
ಚಕ್ರ ಮುಂದಕ್ಕೆ ಓಡುವಾಗ ಹಿಂದಕ್ಕೆ ತುಳಿದೆ, ಸುಮ್ಮನೆ, ಖುಷಿಗೆ.
ಟಪ್.
ಅಮ್ಮ ಬೈಯಲಿಲ್ಲ. ನನ್ನ ಪಾದದ ಮೇಲೆ ಅಂಗೈ ಇಟ್ಟಳು.
"ದಾರ ಗಟ್ಟಿಯೇ ಇದೆ ಮಗಾ,
ಒಂದು ಕಡೆ ಎಳೆದರೆ ತಡೆಯುತ್ತೆ.
ಅತ್ತ ಎಳೆದು ಮುಗಿಯೋ ಮೊದಲೇ ಇತ್ತ ಎಳೆದರೆ
ಯಾವ ದಾರ ತಡೆದೀತು?
ಮೊದಲು ಚಕ್ರ ನಿಲ್ಲಲಿ."

ಗೊತ್ತಿತ್ತು ನನಗೆ.
ವಿಮಾನ ಹತ್ತುವುದಕ್ಕೂ, ಮೀಸೆ ಬರುವುದಕ್ಕೂ ಮೊದಲೇ
ಈ ಪಾದಕ್ಕೆ ಗೊತ್ತಿತ್ತು.
ಆ ಡಬ್ಬಿಯಲ್ಲಿ ಒಂದೇ ಒಂದು ದಿನ ನೆನಪಾಗಲಿಲ್ಲ.

ಜುರೆಮಾ ಕಾಫಿ ತಂದಿಟ್ಟು ಕಾಯುತ್ತಿದ್ದಾಳೆ.
ಮೇಜಿನಡಿ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ,
ಆಮೇಲೆ ಎಡಗಾಲು.
"ಹೇಳಿ," ಅನ್ನುತ್ತಾಳೆ. "ಬರೆದುಕೊಳ್ಳುತ್ತೇನೆ."
ಹೇಳುತ್ತೇನಮ್ಮ.
ಅದಕ್ಕೆ ಮೊದಲು
ಒಂದು ಮೊಳ ದಾರ ಸಿಕ್ಕೀತೆ ಇಲ್ಲಿ?