ನಾಲ್ಕನೇ ಕ್ಲಾಸಿನ ಪದಕೋಶ

ಶಿಡ್ಲಘಟ್ಟದ ಬಸ್ಸಿಳಿದು ಮುಕ್ಕಾಲು ಮೈಲಿ ನಡೆದರೆ ಶಾಲೆ.
ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ಉರ್ದು,
ಬೀದಿಯಲ್ಲಿ ಎರಡೂ ಕಲಸಿದ ಕನ್ನಡ;
ಅದರ ಮೇಲೆ ದಿನಕ್ಕೆ ಐದು ಇಂಗ್ಲಿಷ್ ಪದ.
ಬೋರ್ಡಿನ ಎಡಕ್ಕೆ ನಾನು ಬರೆಯುತ್ತೇನೆ,
ಬಲಕ್ಕೆ ಅವರು, ಸೀಮೆಸುಣ್ಣಕ್ಕೆ ಕಿತ್ತಾಡುತ್ತ.

ಲೆಗ್ ಅಂದರೆ ಕಾಲು, ಅಂದೆ.
ತೌಸೀಫನಿಗೆ ಅಂಗಡಿ ಲೆಕ್ಕ ಬಾಯಿಪಾಠ:
‘ಹಂಗಾದ್ರೆ ಲೆಗ್ ಕೇಜಿ ಸಕ್ಕರೆ, ಮಿಸ್.
ಮುಕ್ಕಾಲು ಅಂದ್ರೆ ತ್ರೀ ಲೆಗ್ಸ್.’
ನಗಬಾರದೆಂದು ಬೋರ್ಡಿನ ಕಡೆ ತಿರುಗಿದೆ;
ಬೆನ್ನು ನಕ್ಕಿದ್ದು ಅವರಿಗೆ ಕಂಡಿತು.

ಫೀವರ್ ಅಂದರೆ ಜ್ವರ. ಮೈ ಬಿಸಿ, ಕಹಿ ಮಾತ್ರೆ.
‘ಅಲ್ಲ ಮಿಸ್,’ ಮೌನಿಕ ಎದ್ದು ನಿಂತಳು,
‘ಜ್ವರ ಬಂದ್ರೆ ಸೊಪ್ಪು ಮುಟ್ಟಲ್ಲ,
ತಲೆ ಮೇಲೆತ್ತಿ ಒಂದಿನ ಸುಮ್ನೆ ಇರತ್ತೆ,
ಆಮೇಲೆ ಹಳೇ ಚರ್ಮ ಬಿಟ್ಟು ಆಚೆ ಬರತ್ತೆ.
ನಾಲ್ಕು ಸಲ ಬರ್ಬೇಕು. ಬಂದ್ರೇನೇ ಗೂಡು.’
ಇಡೀ ಕ್ಲಾಸು ಹೌದೆಂದು ತಲೆಯಾಡಿಸಿತು.
ನಾನು ಕಾರವಾರದ ಕಡೆಯವಳು,
ರೇಷ್ಮೆಯನ್ನು ಸೀರೆಯಾಗಿ ಮಾತ್ರ ಬಲ್ಲವಳು.
ಮಾತ್ರೆಯನ್ನು ಒರೆಸಿ ಜಾಗ ಬಿಟ್ಟೆ.

ಶುಕ್ರವಾರದ ಕೊನೆಯ ಪದ, ಇನಫ್.
ಸಾಕು ಅಂತ ಬರ್ಕೊಳ್ಳಿ, ಸುಲಭ:
ಬಿಸಿಯೂಟದ ಅಕ್ಕನ ಸೌಟಿಗೆ
ಕೈ ಅಡ್ಡ ಹಿಡಿದು ಹೇಳೋದು.
ವಾಕ್ಯ ಮಾಡಿ ತನ್ನಿ.

ಶನಿವಾರ ನೋಟ್‌ಬುಕ್ಕಿನ ಅಟ್ಟಿ.
ಮೌನಿಕಳ ಪುಟ, ಪೆನ್ಸಿಲ್ ಒತ್ತಿ ಒತ್ತಿ ಬರೆದದ್ದು,
ಹಿಂದಿನ ಹಾಳೆಗೂ ಮೂಡಿದೆ:
‘ಅಜ್ಜಿ ಇನಫ್ ವರ್ಮ್ಸ್.
ಅಜ್ಜಿ ಇನಫ್ ಒನ್ ಗೋಟ್.
ಅಮ್ಮ ನೋ. ಅಜ್ಜಿ ಇನಫ್ ಮಿ.’

ಕೆಂಪು ಪೆನ್ನಿನ ಮುಚ್ಚಳ ತೆಗೆದೆ,
ಹಾಕಿದೆ, ಮತ್ತೆ ತೆಗೆದೆ.
ಸಾಕು: ಸರಿರಾತ್ರಿ ಎದ್ದು ಸೊಪ್ಪು ಹಾಕು, ಜ್ವರ ಕಾಯಿ.
ಸಾಕು: ಇಷ್ಟಿದ್ದರೆ ಇನ್ನೇನೂ ಬೇಡ.
ನಲವತ್ತು ವರ್ಷ ನನ್ನ ಬಾಯಲ್ಲೇ ಇದ್ದ ಪದ,
ಒಮ್ಮೆಯೂ ಹೇಳಿರಲಿಲ್ಲ ನನಗೆ.
ವರ್ಮ್ಸ್‌ಗೆ ಒಂದು ಆರ್ ಬಿಟ್ಟಿದ್ದಳು,
ಅದನ್ನಷ್ಟೇ ಸೇರಿಸಿ ಮುಚ್ಚಿದೆ.

ಸೋಮವಾರ ಅಜ್ಜಿಯೇ ಬಂದಳು,
ಸ್ಕಾಲರ್‌ಶಿಪ್ಪಿನ ಫಾರಂಗೆ ಹೆಬ್ಬೆಟ್ಟೊತ್ತಲು,
ಸೆರಗಿನ ತುಂಬ ಹಿಪ್ಪುನೇರಳೆಯ ಚೂರು.
ನಿಮ್ಮ ಹುಡುಗಿ, ಅಂತ ಶುರು ಮಾಡಿದೆ,
ಅಕ್ಷರ ಎಷ್ಟು ದುಂಡಗೆ, ಕೇಳೋ ಪ್ರಶ್ನೆ ಎಂಥವು...
‘ಸಾಕು ಬಿಡಮ್ಮ,’ ಅಂದಳು ಪಿಳ್ಳಮ್ಮ,
ಬೆರಳಿನ ಮಸಿಯನ್ನು ಬಾಗಿಲ ಚೌಕಟ್ಟಿಗೆ ಒರೆಸುತ್ತ,
‘ಸೊಪ್ಪು ಹಾಕೋ ಹೊತ್ತಾಯ್ತು.’